ವಿದೇಶಿ ದುಡ್ಡು ನೇರವಾಗಿ ಹಾಕಿಸಿಕೊಳ್ಳಬೇಡಿ

ಪಾವಗಡದಲ್ಲಿ ಏಳೆಂಟು ಜನ ಸೇರಿ ಗ್ರಾಮಸಭೆ, ಮಾಹಿತಿ ಹಕ್ಕಿನ ಕೆಲಸ ಮಾಡುತ್ತಿದ್ದೇವೆ, ಜರ್ಮನಿಯ ಸಂಸ್ಥೆಯೊಂದು 2 ಲಕ್ಷ ಕೊಡುತ್ತದಂತೆ, ಟ್ರಸ್ಟಿನ ಅಕೌಂಟಿಗೇ ಹಾಕಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಹಾಗೆ ಮಾಡಬೇಡಿ. ಒಂದು ರೂಪಾಯಿಯೂ ಬೇಡ.

ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕೇ ಬೇಕು. ಸಂಸ್ಥೆಗೆ 3 ವರ್ಷ ಆಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ನಿಮ್ಮದು ಹೊಸ ಟ್ರಸ್ಟಾದ್ದರಿಂದ ಪೂರ್ವಾನುಮತಿ ಕೇಳಬಹುದು: ಇಂಥ ದಾನಿ, ಇಷ್ಟೇ ಮೊತ್ತ, ಇಂಥ ಕೆಲಸಕ್ಕೆ ಅಂತ. ಹೇಗೇ ಆದರೂ ದುಡ್ಡು ಮೊದಲು ಬೀಳುವುದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಇದಕ್ಕೆಂದೇ ತೆರೆದ ನಿಮ್ಮ ಟ್ರಸ್ಟಿನ ಖಾತೆಗೆ ಮಾತ್ರ. ಮೊದಲೆಲ್ಲ ಬೆಂಗಳೂರಿನ ದೊಡ್ಡ ಸಂಸ್ಥೆಗಳು ತಗೊಂಡು ಸಣ್ಣವರಿಗೆ ಹಂಚಬಹುದಿತ್ತು. 2020ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ತಾಲ್ಲೂಕು ಮಟ್ಟದ ಗುಂಪುಗಳಿಗೆ ಜಾಸ್ತಿ ಪೆಟ್ಟು ಬಿದ್ದದ್ದು ಅಲ್ಲೇ ಅನ್ನೋದು ನನ್ನ ಅನಿಸಿಕೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡಿನ ಹಿಂದೆ ಸುಮ್ನೆ ಅಲೆಯಬೇಡಿ. ಶಾಲೆಗೆ ಬೆಂಚು ಕೊಡ್ತಾರೆ, ಹಕ್ಕಿನ ಮಾತೆತ್ತಿದರೆ ಫೋನೇ ಎತ್ತಲ್ಲ.

ನಾವು ಗುಬ್ಬಿ ಕಡೆಯವರು. ರಾಗಿ ಕಣ ಮುಗಿದ ಮೇಲೆ ರಸೀದಿ ಪುಸ್ತಕ ಹಿಡಿದು ಊರೂರು ಸುತ್ತುತ್ತೇವೆ. ಒಂದು ಸಲ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ 20 ರೂಪಾಯಿ ಕೊಟ್ಟು, "ನನ್ ಪಿಂಚಣಿ ಅರ್ಜಿ ಎಲ್ಲಿಗ್ ಬಂತಪ್ಪ?" ಅಂದರು. ಜರ್ಮನಿಯವರು ಹಾಗೆ ಲೆಕ್ಕ ಕೇಳಲ್ಲ ಅಲ್ವಾ!

ಇನ್ನೊಂದು. ಹೊರದೇಶದಲ್ಲಿರುವ ನಿಮ್ಮೂರ ಹುಡುಗರು ಭಾರತದ ಪ್ರಜೆಗಳಾಗಿಯೇ ಇದ್ದರೆ, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದು ವಿದೇಶಿ ದೇಣಿಗೆ ಆಗಲ್ಲ. ಪಾಸ್‌ಪೋರ್ಟ್ ಪ್ರತಿ ಮಾತ್ರ ಇಸ್ಕೊಂಡು ಫೈಲಿನಲ್ಲಿಡಿ.