ಬೀಟಲ್ ಅಂದರೆ ಅಡಿಕೆಯೋ ಎಲೆಯೋ?

ನೀವು ಕಳಿಸಿದ ಅಡಿಕೆ ಪ್ಯಾಕೆಟ್ ನೋಡಿ ಮುಂಬೈ ಗಿರಾಕಿ ‘ಎಲೆ ಎಲ್ಲಿ’ ಅಂತ ಕೇಳಿದರು ಅಂದಿರಲ್ಲ, ಎಡವಟ್ಟಾಗಿರುವುದು ಲೇಬಲ್‌ನಲ್ಲಿ ಬರೀ ‘ಬೀಟಲ್’ ಅಂತ ಹಾಕಿದ್ದರಿಂದಲೇ ಇರಬೇಕು. ನೀವು ತೀರ್ಥಹಳ್ಳಿಯಿಂದ ಕಳಿಸಿದ್ದು ‘ರಾಶಿ’ ಅನ್ನುವ ಬಗೆಯ ಅಡಿಕೆ, ನಿಜ. ಆದರೆ ಆ ಇಂಗ್ಲಿಷ್ ಪದ ಮೂಲದಲ್ಲಿ ಎಲೆಯ ಹೆಸರು. ಗಿರಾಕಿ ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ.

ಮಲಯಾಳಂನ ‘ವೆಟ್ಟಿಲ’, ಅಂದರೆ ವೀಳ್ಯದೆಲೆ, ಪೋರ್ಚುಗೀಸರ ಬಾಯಿಗೆ ಬಿದ್ದು ಬೀಟಲ್ ಆಯಿತು. ‘ಅರೆಕಾ’ ಕೂಡ ಅದೇ ದಾರಿಯಲ್ಲಿ ಹೋದದ್ದು. ಅದರ ಮೂಲ ಮಲಯಾಳಂನ ‘ಅಡಯ್ಕ’, ನಮ್ಮ ಅಡಿಕೆಯ ಒಡಹುಟ್ಟು. ಎಲೆ ಜೊತೆ ಜಗಿಯುವ ಕಾಯಿ ಅಂತ ಇಂಗ್ಲಿಷಿನಲ್ಲಿ ಅಡಿಕೆಗೆ ‘ಬೀಟಲ್ ನಟ್’ ಅನ್ನುವ ಹೆಸರು ಅಂಟಿಕೊಂಡಿತು. ಒಂದು ಬಳ್ಳಿಯದು, ಇನ್ನೊಂದು ಮರದ್ದು. ವೀಳ್ಯದೆಲೆ ಕಾಳುಮೆಣಸಿನ ಕುಲಕ್ಕೆ ಸೇರಿದ್ದು, ನಮ್ಮ ತೋಟದಲ್ಲಿ ಎರಡೂ ಬಳ್ಳಿ ಅಡಿಕೆ ಮರಕ್ಕೇ ಹಬ್ಬುತ್ತವೆ ಅಲ್ವಾ!

ಮೊದಲು ಲೇಬಲ್ ಮೇಲೆ ‘ಅರೆಕಾ ನಟ್’ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಪಕ್ಕದಲ್ಲೇ ‘ಸುಪಾರಿ’ ಅಂತ ಸೇರಿಸಿ, ಮುಂಬೈ ಕಡೆ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ. ಆಮೇಲೆ ಅಡಿಕೆಯ ಬಗೆ ಯಾವುದು, ರಾಶಿಯೋ ಬೆಟ್ಟೆಯೋ, ಬರೆಯಿರಿ. ‘ಬೀಟಲ್ ನಟ್’ ಅಂತ ಹುಡುಕುವವರೂ ಇರುತ್ತಾರೆ, ಹಾಗಾಗಿ ವಿವರಣೆಯ ಒಳಗೆ ಒಂದು ಸಲ ಇರಲಿ. ‘ನಟ್’ ಮಾತ್ರ ಬಿಡಬೇಡಿ.

ಈ ಗಿರಾಕಿ ಎಲೆಯನ್ನೇ ಬಯಸಿದ್ದರೋ, ಸುಮ್ನೆ ತಕರಾರೋ, ಆರ್ಡರ್ ನೋಡದೆ ನಾನು ಹೇಳಲಾರೆ. ನಿಮ್ಮ ಮಾರಾಟದ ಪುಟದಲ್ಲಿ ಅಡಿಕೆಯ ಫೋಟೋ ಇರಲಿಲ್ಲವಾದರೆ ಪ್ಯಾಕೆಟ್ ವಾಪಸ್ ತರಿಸಿಕೊಂಡು ದುಡ್ಡು ಕೊಟ್ಟುಬಿಡಿ.