ಒಟಿಟಿಗೆ ಕಾಯಬಹುದಾದ ಸಿನಿಮಾ, ಕಾಯಬಾರದ ಸಿನಿಮಾ

ನೀವು ಕೇಳಿದ್ದು ಮುಖ್ಯವಾಗಿ ಎರಡು ಪ್ರಶ್ನೆ. ಇತ್ತೀಚೆಗೆ ಥಿಯೇಟರಿನಲ್ಲೂ ಮನೆಯಲ್ಲೂ ನೋಡಿದ್ದರಲ್ಲಿ ಏನು ಹಿಡಿಸಿತು? ಹೇಗೂ ತಿಂಗಳೊಪ್ಪತ್ತಿನಲ್ಲಿ ಒಟಿಟಿಗೆ ಬರುವ ಸಿನಿಮಾಕ್ಕೆ ಟಿಕೆಟ್ ದುಡ್ಡು ಯಾಕೆ ಸುರಿಯಬೇಕು? ಎರಡನೆಯದಕ್ಕೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರ ಇದೆ: ದೊಡ್ಡ ಬಜೆಟ್ಟಿನದು ಥಿಯೇಟರಿಗೆ, ಸಣ್ಣದು ಮನೆಗೆ. ನನ್ನ ಅಭಿಪ್ರಾಯ ಹೆಚ್ಚುಕಡಿಮೆ ಇದಕ್ಕೆ ಉಲ್ಟಾ. ನಗಿಸುವ ಸಿನಿಮಾ ಎಷ್ಟೇ ಚಿಕ್ಕದಿರಲಿ, ಜನರ ನಡುವೆ ಕೂತೇ ನೋಡಬೇಕು. ಅಳಿಸುವುದಕ್ಕೆ, ಬರೀ ಮಾತಿನಲ್ಲೇ ಸಾಗುವುದಕ್ಕೆ ಮನೆಯೇ ವಾಸಿ. ಯುದ್ಧ, ರಥ, ಬೆಂಕಿ ಇರುವಂಥವು ಇವೆರಡರ ನಡುವೆ ಎಲ್ಲೋ ಬರುತ್ತವೆ. ನಾನೇನು ವಿಮರ್ಶಕನಲ್ಲ, ಶಿವಮೊಗ್ಗದಲ್ಲಿ ಕೂತು ಸಿಕ್ಕಿದ್ದೆಲ್ಲ ನೋಡುವವನು. ಆ ಲೆಕ್ಕದಲ್ಲೇ ಓದಿಕೊಳ್ಳಿ.

ಮೊದಲು ‘ಸು ಫ್ರಮ್ ಸೋ’. 2025ರ ಜುಲೈ 25ಕ್ಕೆ ಬಂತು. ನಿರ್ದೇಶನ ಜೆ.ಪಿ. ತುಮಿನಾಡು, ಮುಖ್ಯ ಪಾತ್ರ ಅಶೋಕನೂ ಅವರೇ. ನಿರ್ಮಾಣದಲ್ಲೂ ಒಂದು ಪಾತ್ರದಲ್ಲೂ ರಾಜ್ ಬಿ. ಶೆಟ್ಟಿ ಇದ್ದಾರೆ ಅನ್ನುವುದು ಬಿಟ್ಟರೆ ದೊಡ್ಡ ಸ್ಟಾರ್ ಇಲ್ಲ, ಕಟೌಟ್ ಇಲ್ಲ. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಹೌಸ್‌ಫುಲ್ ಆಯಿತು. ಕಥೆ ಇಷ್ಟೇ: ಕರಾವಳಿಯ ಒಂದು ಹಳ್ಳಿ, ಇಣುಕಬಾರದ ಕಡೆ ಇಣುಕಿ ಸಿಕ್ಕಿಬಿದ್ದ ಹುಡುಗ, ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನಂತೆ ಆಡುತ್ತಾನೆ. ಊರು ನಂಬಿಬಿಡುತ್ತದೆ. ದೆವ್ವಕ್ಕೆ ಹೆಸರು, ವಿಳಾಸ ಎರಡೂ ಸಿಗುತ್ತವೆ. ಸೋಮೇಶ್ವರದ ಸುಲೋಚನ.

ನಾನು ನೋಡಿದ್ದು ಭಾನುವಾರದ ಫಸ್ಟ್ ಶೋ, ಅಪ್ಪ, ಅಮ್ಮ, ತಂಗಿ ಎಲ್ಲರ ಜತೆ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ರವಿಯಣ್ಣ, ಅಂದರೆ ಶನೀಲ್ ಗೌತಮ್, ಊರಿಗೆಲ್ಲ ಧೈರ್ಯ ಹೇಳುವ ಮನುಷ್ಯ, ಕತ್ತಲಲ್ಲಿ ತಾನೇ ಬೆವರುವ ಕಡೆ ಆ ಅಜ್ಜಿಯ ನಗು ಶುರುವಾದದ್ದು ನಿಲ್ಲಲೇ ಇಲ್ಲ. ಮುಂದಿನ ಎರಡು ಡೈಲಾಗ್ ನಮಗೆ ಕೇಳಿಸಲಿಲ್ಲ. ಯಾರಿಗೂ ಬೇಜಾರಾಗಲಿಲ್ಲ, ಅಜ್ಜಿ ನಗುತ್ತಿರುವುದಕ್ಕೇ ಇನ್ನೊಂದು ಸುತ್ತು ನಕ್ಕೆವು.

ಅದೇ ಸಿನಿಮಾ ಸೆಪ್ಟೆಂಬರ್ 9ಕ್ಕೆ ಜಿಯೋಹಾಟ್‌ಸ್ಟಾರ್‌ಗೆ ಬಂದಾಗ ಮನೆಯಲ್ಲಿ ಮತ್ತೆ ಹಾಕಿದೆವು. ಆಗ ಒಂದು ವಿಷಯ ಗಮನಕ್ಕೆ ಬಂತು. ಇದರಲ್ಲಿ ಇರುವ ಬಹಳಷ್ಟು ಕಲಾವಿದರು ತುಳು ನಾಟಕದಲ್ಲಿ ಪಳಗಿದವರು. ನಾಟಕದವರಿಗೆ ಒಂದು ಅಭ್ಯಾಸ ಇರುತ್ತದೆ: ನಗೆಯ ಮಾತು ಹೇಳಿದ ಮೇಲೆ ಜನ ನಕ್ಕು ಮುಗಿಸುವವರೆಗೆ ತಡೆದು ಮುಂದಿನ ಮಾತು ಎತ್ತುತ್ತಾರೆ. ಸಿನಿಮಾದಲ್ಲೂ ಆ ಜಾಗಗಳು ಹಾಗೇ ಇವೆ. ಒಬ್ಬ ಏನೋ ಅನ್ನುತ್ತಾನೆ, ಇನ್ನೊಬ್ಬ ಸುಮ್ಮನೆ ನೋಡುತ್ತಾನೆ, ಒಂದೆರಡು ಸೆಕೆಂಡು ಖಾಲಿ. ಥಿಯೇಟರಿನಲ್ಲಿ ಆ ಖಾಲಿ ಜಾಗವನ್ನು ನಾವು ತುಂಬಿದ್ದೆವು. ಮನೆಯಲ್ಲಿ ಅದು ಖಾಲಿಯಾಗಿಯೇ ಉಳಿಯಿತು, ಅಪ್ಪ ಆ ಸಂದಿಯಲ್ಲಿ ವಾಟ್ಸಾಪ್ ನೋಡಿಕೊಂಡರು. ಸಿನಿಮಾ ಕೆಟ್ಟಿರಲಿಲ್ಲ, ನೋಡುವವರ ಸಂಖ್ಯೆ ಕಮ್ಮಿಯಾಗಿತ್ತು ಅಷ್ಟೇ.

ತಕರಾರು ಇಲ್ಲವೇ ಅಂದರೆ ಇದೆ. ಅಶೋಕ ಇಣುಕಿ ನೋಡಿದ ಆ ಹುಡುಗಿ ಏನಾದಳು ಅನ್ನುವುದನ್ನು ಸಿನಿಮಾ ಮರೆತೇಬಿಡುತ್ತದೆ. ಇದನ್ನು ಮೊದಲು ಹೇಳಿದ್ದು ನನ್ನ ತಂಗಿ, ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು. ಸಂಧ್ಯಾ ಅರಕೆರೆ ಮಾಡಿರುವ ಭಾನುವಿನ ಪಾತ್ರ ಬಂದ ಮೇಲೆ ಹೆಣ್ಣುಮಕ್ಕಳ ಸಂಕಟದ ಕಡೆ ಕಥೆ ತಿರುಗುತ್ತದೆ ನಿಜ, ಕೊನೆಯಲ್ಲಿ ಗಂಟಲು ಕಟ್ಟುವುದೂ ನಿಜ. ಆದರೂ ಮೊದಲನೆಯವಳ ಬಾಕಿ ಹಾಗೇ ಉಳಿಯಿತು ಅನ್ನುವ ತಂಗಿಯ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

‘ಕಾಂತಾರ ಚಾಪ್ಟರ್ 1’ ಅಕ್ಟೋಬರ್ 2ಕ್ಕೆ ಬಂತು, ಅದೇ ತಿಂಗಳ 31ಕ್ಕೆ ಪ್ರೈಮ್‌ನಲ್ಲಿ ಇತ್ತು. ಇಷ್ಟು ಬೇಗ ಮನೆಗೆ ಬಂದರೆ ನಿಮ್ಮಂಥವರು ‘ಯಾಕೆ ಹೋಗಬೇಕು’ ಎಂದು ಕೇಳುವುದು ನ್ಯಾಯವೇ. ಇದನ್ನೂ ಎರಡೂ ಕಡೆ ನೋಡಿದೆ. ಮೊದಲ ಅರ್ಧದ ತಮಾಷೆಗಳು ಎರಡೂ ಕಡೆ ಸಪ್ಪೆ. ಕುಡುಕ ರಾಜಕುಮಾರನಾಗಿ ಗುಲ್ಶನ್ ದೇವಯ್ಯ ಚೆನ್ನಾಗಿ ಸಿಟ್ಟು ಬರಿಸುತ್ತಾರೆ. ರುಕ್ಮಿಣಿ ವಸಂತ್ ಬರೀ ಚೆಂದದ ರಾಜಕುಮಾರಿ ಅಂದುಕೊಂಡು ಕೂತಿದ್ದವರಿಗೆ ಸರಿಯಾಗಿ ಕೊಡುತ್ತಾರೆ, ಅದಕ್ಕಿಂತ ಹೆಚ್ಚು ಹೇಳಿದರೆ ನೋಡದವರು ಬೈಯುತ್ತಾರೆ. ರಥದ ದೃಶ್ಯ ದೊಡ್ಡ ಪರದೆಯಲ್ಲಿ ಮೈ ಜುಂ ಅನ್ನಿಸಿತು, ಟಿವಿಯಲ್ಲಿ ‘ಚೆನ್ನಾಗಿ ಮಾಡಿದ್ದಾರೆ’ ಅನ್ನಿಸಿತು. ಅಷ್ಟೇ ವ್ಯತ್ಯಾಸ.

ನಿಜವಾದ ವ್ಯತ್ಯಾಸ ಇದ್ದದ್ದು ಶಬ್ದದಲ್ಲಿ. ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಚೆಂಡೆ, ಡೋಲು, ಗುಳಿಗ ದೈವದ ಕೂಗು ಇವನ್ನೆಲ್ಲ ಥಿಯೇಟರಿನ ನಾಲ್ಕೂ ಗೋಡೆಯಿಂದ ಬರುವ ಹಾಗೆ ಕಟ್ಟಿದ್ದಾರೆ. ನಮ್ಮ ಮನೆಯ ಟಿವಿಯ ಸಣ್ಣ ಸ್ಪೀಕರಿನಲ್ಲಿ ಮಾತು ಪಿಸುಗುಟ್ಟಿದಂತೆ, ಹೊಡೆದಾಟ ಕಿವಿ ಹರಿದಂತೆ. ಅಮ್ಮ ರಿಮೋಟ್ ಹಿಡಿದು ಕೂತು ಮಾತು ಬಂದಾಗ ಹದಿನೆಂಟು ಪಾಯಿಂಟ್ ಏರಿಸುವುದು, ಕತ್ತಿ ಎತ್ತಿದ ತಕ್ಷಣ ಇಳಿಸುವುದು. ಇನ್ನೇನು ದೈವ ಬರಬೇಕು ಅನ್ನುವ ಹೊತ್ತಿಗೆ ಪಕ್ಕದ ಮನೆಯ ಪಾಪು ಮಲಗಿದೆ ಎಂದು ಮ್ಯೂಟೇ ಮಾಡಿದರು. ಮ್ಯೂಟಿನಲ್ಲಿ ಕಾಂತಾರ ನೋಡಿದವರು ಯಾರಾದರೂ ಇದ್ದರೆ ಅದು ನಮ್ಮ ಮನೆಯವರು.

ಟಿಕೆಟ್ ದರದ ಮಾತು ತೆಗೆದಿದ್ದೀರಿ. ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು, ಹತ್ತು ಹನ್ನೆರಡು ದಿನದೊಳಗೆ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮಂಥ ಊರಿನ ಸಿಂಗಲ್ ಸ್ಕ್ರೀನಿಗೆ ಹೋಗುವವರಿಗೆ ಅದರಿಂದ ದೊಡ್ಡ ಬದಲಾವಣೆ ಆಗಲಿಲ್ಲ, ಬಾಲ್ಕನಿ ಮೊದಲೇ ಅದಕ್ಕಿಂತ ಕಮ್ಮಿ. ಬೆಂಗಳೂರಿನ ಮಾಲ್‌ನಲ್ಲಿ ನಾಲ್ವರ ಸಂಸಾರ ಕರೆದುಕೊಂಡು ಹೋಗುವವರ ಸಂಕಟ ಬೇರೆ, ಅವರು ಒಟಿಟಿಗೆ ಕಾದರೆ ನಾನು ತಪ್ಪು ಅನ್ನುವುದಿಲ್ಲ. ಸಿಂಗಲ್ ಸ್ಕ್ರೀನಿನದೂ ಒಂದು ಗೋಳಿದೆ. ಈಚೆಗೆ ಹೋದ ಒಂದು ಕಡೆ ಎಸಿ ಇಂಟರ್ವಲ್ ಆದ ಮೇಲೆ ಆಫ್. ಕೇಳಿದರೆ ‘ಜನ ಕಮ್ಮಿ ಇದಾರೆ ಸರ್’ ಎಂಬ ಉತ್ತರ.

ಕನ್ನಡದ್ದಲ್ಲದಿದ್ದರೂ ಥಿಯೇಟರಿನಲ್ಲಿ ನೋಡಿದ್ದು ಸಾರ್ಥಕ ಅನ್ನಿಸಿದ್ದು ಮಲಯಾಳಂನ ‘ಮಂಜುಮ್ಮೆಲ್ ಬಾಯ್ಸ್’, 2024ರದು. ಕೊಡೈಕೆನಾಲಿನ ಗುಣ ಗುಹೆಯಲ್ಲಿ 2006ರಲ್ಲಿ ನಡೆದ ಘಟನೆ. ಪ್ರವಾಸಕ್ಕೆ ಹೋದ ಹುಡುಗರಲ್ಲಿ ಒಬ್ಬ ಬಿರುಕಿನೊಳಗೆ ಬೀಳುತ್ತಾನೆ. ಇದಕ್ಕೆ ಬೇಕಾದದ್ದು ದೊಡ್ಡ ಪರದೆಗಿಂತ ಹೆಚ್ಚಾಗಿ ಕತ್ತಲು. ಥಿಯೇಟರಿನಲ್ಲಿ ಗುಹೆಯ ಕತ್ತಲೂ ಹಾಲ್‌ನ ಕತ್ತಲೂ ಒಂದಾಗಿ, ಅವನು ಬಿದ್ದ ಸದ್ದಿಗೆ ಇಡೀ ಹಾಲ್ ಕಾಲು ಹಿಂದಕ್ಕೆ ಎಳೆದುಕೊಂಡಿತು. ಮನೆಯಲ್ಲಿ ನೋಡಿದ ಗೆಳೆಯನೊಬ್ಬ ‘ಏನೂ ಕಾಣಲ್ಲ ಮಾರಾಯ, ಬರೀ ನಮ್ಮನೆ ಟ್ಯೂಬ್‌ಲೈಟ್ ಕಾಣುತ್ತೆ’ ಅಂದ.

ಈಗ ಮನೆಯ ಪಾಲು. ಇಲ್ಲಿ ನನ್ನ ಮೊದಲ ಹೆಸರು ‘ಮಿಥ್ಯ’. ಸುಮಂತ್ ಭಟ್ ನಿರ್ದೇಶನ, ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಯ ನಿರ್ಮಾಣ, 2025ರಲ್ಲಿ ಬಿಡುಗಡೆಯಾಯಿತು. ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈ ಬಿಟ್ಟು ಉಡುಪಿಯ ಸಂಬಂಧಿಕರ ಮನೆಗೆ ಬರುತ್ತಾನೆ. ಆ ಪಾತ್ರವನ್ನು ಆತಿಶ್ ಶೆಟ್ಟಿ ಎಂಬ ಹುಡುಗ ಮಾಡಿದ್ದಾನೆ, ನಟಿಸುತ್ತಿದ್ದಾನೆ ಅನ್ನುವುದೇ ಮರೆತುಹೋಗುತ್ತದೆ. ಅವನು ಅಳುವುದಿಲ್ಲ. ದೊಡ್ಡವರು ಪಿಸುಮಾತಿನಲ್ಲಿ ಅವನ ಅಪ್ಪ-ಅಮ್ಮನ ವಿಷಯ ಆಡುವಾಗ ಕೇಳಿಸಿಕೊಂಡೂ ಕೇಳಿಸದವನ ಹಾಗೆ ಇರುತ್ತಾನೆ. ನಮ್ಮ ಮನೆಗಳಲ್ಲಿ ಸಾವಾದಾಗ ಮಕ್ಕಳ ಎದುರಿಗೇ ಏನೆಲ್ಲ ಮಾತಾಡುತ್ತೇವೆ ಎಂದು ನೆನಪಾಗಿ ಅಲ್ಲಿ ಸಿನಿಮಾ ನಿಲ್ಲಿಸಿದೆ. ನಿಲ್ಲಿಸಬಹುದು ಅನ್ನುವುದೇ ಮನೆಯ ಲಾಭ. ಥಿಯೇಟರಿನಲ್ಲಾಗಿದ್ದರೆ ಅದನ್ನು ನುಂಗಿಕೊಂಡು ಮುಂದಿನ ದೃಶ್ಯಕ್ಕೆ ಹೋಗಬೇಕಿತ್ತು. ಒಂದು ಲೋಟ ನೀರು ಕುಡಿದು ಬಂದು ಮುಂದುವರಿಸಿದೆ.

ಇದರಲ್ಲಿ ಹುಡುಗನನ್ನು ಸಾಕುವ ಮನೆಯ ಯಜಮಾನನಾಗಿ ಇರುವವರು ಪ್ರಕಾಶ್ ತುಮಿನಾಡು. ಹೌದು, ‘ಸು ಫ್ರಮ್ ಸೋ’ದಲ್ಲಿ ಮುಖ ತೋರಿಸಿದರೆ ಸಾಕು ಜನ ನಗುತ್ತಿದ್ದರಲ್ಲ, ಅದೇ ಮನುಷ್ಯ. ಇಲ್ಲಿ ತನ್ನದಲ್ಲದ ಮಗುವಿನ ಮೇಲೆ ಸಿಟ್ಟು ಮಾಡಲೂ ಆಗದೆ ಮುದ್ದು ಮಾಡಲೂ ಬಾರದೆ ನಿಂತಿರುತ್ತಾರೆ. ಎರಡೂ ಸಿನಿಮಾ ಹತ್ತಿರ ಹತ್ತಿರ ನೋಡಿ, ನಮ್ಮಲ್ಲಿ ಎಂಥೆಂಥ ನಟರನ್ನು ಬರೀ ಕಾಮಿಡಿಗೆ ಕಟ್ಟಿಹಾಕಿದ್ದೇವೆ ಎಂದು ಗೊತ್ತಾಗುತ್ತದೆ. ರಂಗಾಯಣ ರಘು ಅವರದೂ ಇದೇ ಕಥೆ. 2024ರ ‘ಶಾಖಾಹಾರಿ’ಯಲ್ಲಿ ಅವರು ಮಲೆನಾಡಿನ ಸಣ್ಣ ಹೋಟೆಲೊಂದರ ಅಡುಗೆಯವರು. ಮಾತು ಕಮ್ಮಿ, ಕೆಲಸ ಜಾಸ್ತಿ. ಗೋಪಾಲಕೃಷ್ಣ ದೇಶಪಾಂಡೆ ಪೊಲೀಸ್. ಇದನ್ನು ನಮ್ಮೂರಲ್ಲಿ ಥಿಯೇಟರಿನಲ್ಲಿ ಹಿಡಿಯಬೇಕು ಅನ್ನುವಷ್ಟರಲ್ಲಿ ಶೋ ಎತ್ತಿಬಿಟ್ಟಿದ್ದರು.

ಮನೆಯಲ್ಲೇ ನೋಡಬೇಕಾದ ಇನ್ನೊಂದು ತಮಿಳಿನದು, ‘ಮೆಯ್ಯಳಗನ್’. ಪ್ರೇಮ್ ಕುಮಾರ್ ನಿರ್ದೇಶನ, 2024. ತಂಜಾವೂರಿನ ಮನೆ ಬಿಟ್ಟು ಹೋಗಿದ್ದ ಅರವಿಂದ ಸ್ವಾಮಿ ಎಷ್ಟೋ ವರ್ಷದ ಮೇಲೆ ಒಂದು ಮದುವೆಗೆಂದು ಬರುತ್ತಾರೆ. ಕಾರ್ತಿ ‘ಅತ್ತಾನ್, ಅತ್ತಾನ್’ (ಭಾವ, ಭಾವ) ಎಂದು ಹಿಂದೆ ಮುಂದೆ ಸುತ್ತುತ್ತಾ ಉಪಚಾರ ಮಾಡುತ್ತಾರೆ. ಇವರಿಗೆ ಅವನ ಹೆಸರೇ ನೆನಪಿಲ್ಲ. ಕೇಳಲು ನಾಚಿಕೆ. ನಮ್ಮ ಕಡೆ ಮದುವೆ ಮನೆಯಲ್ಲಿ ಯಾರಾದರೂ ಭುಜ ಹಿಡಿದು ‘ಗೊತ್ತಾಯ್ತಾ ನಾನ್ಯಾರು?’ ಎಂದು ಕೇಳಿದಾಗ ಹಲ್ಲು ಕಿರಿದು ‘ಅಯ್ಯೋ ಗೊತ್ತಾಗದೆ ಏನು’ ಅಂದು ತಪ್ಪಿಸಿಕೊಂಡವರಿಗೆಲ್ಲ ಇದು ತಮ್ಮದೇ ಕಥೆ. ರಾತ್ರಿಯೆಲ್ಲ ಇಬ್ಬರೂ ಮಾತಾಡುತ್ತಾರೆ, ಅಷ್ಟೇ ಸಿನಿಮಾ. ಬಿಡುಗಡೆಯಾದ ಮೇಲೆ ಉದ್ದವಾಯಿತೆಂಬ ದೂರು ಬಂದು ಸುಮಾರು 18 ನಿಮಿಷ ಕತ್ತರಿಸಿದರು. ಥಿಯೇಟರಿನ ಕುರ್ಚಿಯಲ್ಲಿ ಕೂತವನಿಗೆ ಮಾತು ಉದ್ದ ಅನ್ನಿಸುವುದು ಸಹಜ, ಅವನಿಗೆ ಪಾರ್ಕಿಂಗ್ ಚಿಂತೆ, ಕೊನೆಯ ಬಸ್ಸಿನ ಚಿಂತೆ. ನಾವು ಅರ್ಧ ನೋಡಿ ಊಟಕ್ಕೆದ್ದು, ಊಟದ ತುಂಬ ನಮ್ಮ ಮರೆತುಹೋದ ಸಂಬಂಧಿಕರ ಲೆಕ್ಕ ಹಾಕಿ, ಮತ್ತೆ ಬಂದು ಮುಗಿಸಿದೆವು. ಆ ಸಿನಿಮಾಕ್ಕೆ ಊಟದ ವಿರಾಮ ಸೇರಿದರೇ ರುಚಿ.

‘ಲಾಪತಾ ಲೇಡೀಸ್’ ಅಮ್ಮನ ಆಯ್ಕೆ. ಹಿಂದಿ ಅವರಿಗೆ ಬಾರದು, ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ. ರೈಲಿನಲ್ಲಿ ಸೆರಗು ಮುಚ್ಚಿದ ಇಬ್ಬರು ಮದುವಣಗಿತ್ತಿಯರು ಅದಲುಬದಲಾಗುತ್ತಾರೆ, ಒಬ್ಬಳಿಗೆ ಗಂಡನ ಊರಿನ ಹೆಸರೂ ಸರಿಯಾಗಿ ಗೊತ್ತಿಲ್ಲ. ನಾನು ನಗುತ್ತಿದ್ದರೆ ಅಮ್ಮ ‘ನಂಗೆ ಊರು ಗೊತ್ತಿತ್ತಪ್ಪ, ನಿಮ್ಮಪ್ಪನ ಮುಖವೇ ಸರಿಯಾಗಿ ನೋಡಿರಲಿಲ್ಲ’ ಅಂದರು. ಸ್ಟೇಷನ್ನಿನಲ್ಲಿ ಅಂಗಡಿ ಇಟ್ಟುಕೊಂಡಿರುವ ಮಂಜು ಮಾಯಿ ಬಂದ ಮೇಲೆ ನನ್ನ ಅನುವಾದ ಬೇಡ, ಸುಮ್ಮನಿರು ಎಂದರು. ನಗೆಯ ಸಿನಿಮಾ ಮನೆಯಲ್ಲಿ ಸೋಲುತ್ತದೆ ಎಂದು ಮೇಲೆ ಬರೆದೆನಲ್ಲ, ಇದು ಅದಕ್ಕೆ ಒಪ್ಪಲಿಲ್ಲ. ಬಹುಶಃ ಇದರಲ್ಲಿ ನಗುವಿನಷ್ಟೇ ಮಾತಾಡಿಕೊಳ್ಳುವುದಕ್ಕೂ ವಿಷಯ ಇದೆ.

‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗ ನೋಡಿ ಎಂದು ಹೇಳುವ ಅಗತ್ಯವಿಲ್ಲ, ನೋಡದವರು ಯಾರಿದ್ದಾರೆ? ನನಗೆ ಮೊದಲ ಭಾಗ, ಸೈಡ್ ಎ, ಸಾಕು. ಎರಡನೆಯದಾದ ಸೈಡ್ ಬಿಯಲ್ಲಿ ನಾಯಕ ಮನು ತನ್ನ ಹಳೆಯ ಪ್ರೇಯಸಿ ಪ್ರಿಯಳ ಬೆನ್ನು ಹತ್ತುವುದನ್ನು ಪ್ರೀತಿ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ, ಚೈತ್ರಾ ಆಚಾರ್ ಪಾತ್ರಕ್ಕೇ ನನ್ನ ವೋಟು.

ಇನ್ನು ಮಸಿ ಬಳಿದಂಥ ಕಪ್ಪು ಬಣ್ಣ, ಸ್ಲೋ ಮೋಷನ್ನಿನಲ್ಲಿ ಬೀಡಿ ಹಚ್ಚುವ ಹೀರೋ, ಅವನ ಹೊಗಳಿಕೆಗೇ ಇಟ್ಟಿರುವ ಮುದುಕ ಪಾತ್ರ, ಇಂಥವು ಹೆಸರು ನೆನಪಿಲ್ಲದಷ್ಟು ಬಂದು ಹೋದವು. ಅವಕ್ಕೆ ಥಿಯೇಟರೂ ಬೇಡ, ಮನೆಯೂ ಬೇಡ.

ಈ ವಾರಾಂತ್ಯಕ್ಕೆ ಅಪ್ಪ-ಅಮ್ಮನ ಜತೆ ನೋಡಲು ಒಂದು ಹೇಳಿ ಎಂದೂ ಕೇಳಿದ್ದೀರಿ. ‘ಮೆಯ್ಯಳಗನ್’ ಹಾಕಿ, ಸಂಜೆಯೇ ಶುರು ಮಾಡಿ. ‘ಮಿಥ್ಯ’ ಒಬ್ಬರೇ ನೋಡಿ, ಚಿಕ್ಕ ಮಕ್ಕಳು ಎದ್ದಿರುವಾಗ ಬೇಡ. ‘ಶಾಖಾಹಾರಿ’ಯನ್ನು ಮಾತ್ರ ತಟ್ಟೆ ಹಿಡಿದು ನೋಡಬೇಡಿ, ಯಾಕೆ ಎಂದು ನಾನು ಹೇಳುವುದಿಲ್ಲ.