ಮೋಟರ್‌ಹೋಮ್‌ಗೆ ಟ್ರೇಲರ್ ಕಟ್ಟಿ ಏರು ಹತ್ತುವಾಗ ಎಂಜಿನ್ ಸೋಲುತ್ತದೆ: ರೀಮ್ಯಾಪ್ ಮಾಡಿಸಬೇಕೆ, ಟ್ಯೂನಿಂಗ್ ಬಾಕ್ಸ್ ಸಾಕೆ?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಗಾಡಿ 2.3 ಲೀಟರ್ ಟರ್ಬೊ ಡೀಸೆಲ್, 130 ಎಚ್‌ಪಿ, 320 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಮುಂದಿನ ಚಕ್ರಗಳಿಗೆ ಡ್ರೈವ್, ಸಾಮಾನು ಸೇರಿ 3,500 ಕೆಜಿ. ಹಿಂದೆ 1,200 ಕೆಜಿ ಟ್ರೇಲರ್. ಉದ್ದನೆಯ ಏರಿನಲ್ಲಿ ಪಿಕಪ್ ಸಾಲುತ್ತಿಲ್ಲ, ಟ್ಯೂನ್ ಮಾಡಿಸಿದರೆ (ಎಂಜಿನ್ ಹೆಚ್ಚು ಶಕ್ತಿ ಕೊಡುವಂತೆ ಹೊಂದಿಸಿದರೆ) ಸರಿಹೋದೀತೇ ಎನ್ನುವುದು ಒಂದು. ಟ್ಯೂನ್ ಆದ ಮೇಲೆ 1,800 ಕೆಜಿ ಟ್ರೇಲರ್ ಎಳೆಯಬಹುದೇ ಎನ್ನುವುದು ಇನ್ನೊಂದು.

ಎರಡನೆಯದನ್ನು ಮೊದಲೇ ಮುಗಿಸಿಬಿಡುತ್ತೇನೆ: ಟ್ಯೂನ್ ಮಾಡಿಸಿದ ಮಾತ್ರಕ್ಕೆ ಎಳೆಯುವಂತಿಲ್ಲ. ಕಂಪನಿ ಗಾಡಿಗೆ ಹಾಕಿರುವ ತೂಕದ ಪ್ಲೇಟಿನ ಮೇಲೆ ಬರೆದಿರುವ, ಗಾಡಿ ಮತ್ತು ಟ್ರೇಲರ್ ಸೇರಿದ ಒಟ್ಟು ತೂಕದ ಮಿತಿ ಎಂಜಿನ್ನಿನ ಎಚ್‌ಪಿ ನೋಡಿಯಷ್ಟೇ ಬರೆದದ್ದಲ್ಲ. ಬ್ರೇಕು, ಚಾಸಿ, ಹಿಚ್ (ಟ್ರೇಲರ್ ಕೊಂಡಿ) ಕೂರುವ ಜಾಗ, ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಕ್ಲಚ್ ತಡೆದುಕೊಳ್ಳುವ ಬಿಸಿ, ರೇಡಿಯೇಟರ್ ಎಲ್ಲವೂ ಅದರೊಳಗಿವೆ. ಯುರೋಪಿನ ನಿಯಮದಲ್ಲಂತೂ ಪೂರ್ತಿ ಲೋಡಾದ ಗಾಡಿ ಮತ್ತು ಟ್ರೇಲರ್ 12% ಏರಿನಲ್ಲಿ ಐದು ನಿಮಿಷದೊಳಗೆ ಐದು ಸಲ ನಿಂತು ಹೊರಡಬೇಕು ಎಂಬ ಪರೀಕ್ಷೆಯೇ ಇದೆ. ಸಾಫ್ಟ್‌ವೇರ್ ಬದಲಾದರೆ ಇವು ಯಾವುವೂ ಬದಲಾಗುವುದಿಲ್ಲ. ಎತ್ತಿಗೆ ಬೂಸಾ ಹೆಚ್ಚು ಹಾಕಿದ ಮಾತ್ರಕ್ಕೆ ಗಾಡಿಯ ಅಚ್ಚು ಗಟ್ಟಿಯಾಗದು.

ಇನ್ನು ಮೊದಲನೆಯದು. ಟ್ಯೂನಿಂಗ್‌ನಿಂದ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿ ನೋಡಿ, ಆಮೇಲೆ ದುಡ್ಡು ಕೊಡುವುದನ್ನು ಯೋಚಿಸಿ. ಒಟ್ಟು ತೂಕ 4,700 ಕೆಜಿ. 6% ಏರಿನಲ್ಲಿ ಗುರುತ್ವ ಹಿಂದಕ್ಕೆ ಎಳೆಯುವ ಬಲ ಸುಮಾರು 2,770 ನ್ಯೂಟನ್. ಗಂಟೆಗೆ 70 ಕಿಮೀ ವೇಗದಲ್ಲಿ ಇದೊಂದಕ್ಕೇ 54 ಕಿಲೋವ್ಯಾಟ್ ಬೇಕು. ಎತ್ತರದ, ಚಪ್ಪಟೆ ಮುಖದ ಗಾಡಿಯಾದ್ದರಿಂದ ಗಾಳಿಗೆ ಇನ್ನೊಂದು 13, ಟೈರ್ ಉರುಳಲು 9. ಚಕ್ರದಲ್ಲಿ 76 ಬೇಕಾದರೆ ಗೇರ್‌ಬಾಕ್ಸಿನ ನಷ್ಟ ಸೇರಿಸಿ ಎಂಜಿನ್ 86 ಕಿಲೋವ್ಯಾಟ್ ಕೊಡಬೇಕು. ನಿಮ್ಮ ಎಂಜಿನ್ನಿನ ಗರಿಷ್ಠವೇ 96. ಅಂದರೆ ಈ ಏರಿನಲ್ಲಿ ನಿಮ್ಮ ಗಾಡಿ ಹೆಚ್ಚೆಂದರೆ 76 ಕಿಮೀ ವೇಗ ಹಿಡಿದೀತು, ಅದೂ ಗರಿಷ್ಠ ಶಕ್ತಿ ಸಿಗುವ ಆರ್‌ಪಿಎಂನಲ್ಲಿ ಓಡಿಸಿದರೆ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದುವುದು) ಮಾಡಿಸಿ 160 ಎಚ್‌ಪಿ ಆಯಿತೆನ್ನಿ, ಅದೇ ಏರಿನಲ್ಲಿ ವೇಗ 87ಕ್ಕೆ ಬರುತ್ತದೆ. ಲಾಭ 11 ಕಿಮೀ. ಆದರೆ ಉರಿಯುವ ಡೀಸೆಲ್ ಮತ್ತು ಹುಟ್ಟುವ ಬಿಸಿ 23% ಏರಿದರೆ, ರೇಡಿಯೇಟರಿಗೆ ನುಗ್ಗುವ ಗಾಳಿ ಏರುವುದು ವೇಗದಷ್ಟೇ, ಅಂದರೆ ಸುಮಾರು 14%. ಉಳಿದ ವ್ಯತ್ಯಾಸವನ್ನು ಕೂಲಂಟ್, ಎಂಜಿನ್ ಆಯಿಲ್ ಮತ್ತು ಟರ್ಬೊ ಹೊರಬೇಕು.

ಆದ್ದರಿಂದ ನಾನು ಎಚ್‌ಪಿ ಬೆನ್ನು ಹತ್ತಬೇಡಿ ಎನ್ನುತ್ತೇನೆ. ಟ್ರೇಲರ್ ಎಳೆಯುವವರಿಗೆ ಬೇಕಾದದ್ದು 1,600ರಿಂದ 2,800 ಆರ್‌ಪಿಎಂ ನಡುವಿನ ಟಾರ್ಕ್. 2,000 ಆರ್‌ಪಿಎಂನಲ್ಲಿ 320 ಎನ್‌ಎಂ ಎಂದರೆ 67 ಕಿಲೋವ್ಯಾಟ್. ಅದೇ ಆರ್‌ಪಿಎಂನಲ್ಲಿ 375 ಎನ್‌ಎಂ ಸಿಕ್ಕರೆ 79. ಸಣ್ಣ ಏರು ಬಂದಾಗಲೆಲ್ಲ ಗೇರ್ ಇಳಿಸುವ ಕಾಟ ಇಷ್ಟರಿಂದಲೇ ಬಹಳ ಕಡಿಮೆಯಾಗುತ್ತದೆ. ಟಾರ್ಕ್ 15–18% ಏರಿಸಿ ಅಲ್ಲಿಗೇ ನಿಲ್ಲಿಸಿ. 30% ಕೊಡುತ್ತೇವೆ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಟರ್ಬೊ ಡೀಸೆಲ್‌ನಲ್ಲಿ ಅಷ್ಟು ಬರುತ್ತದೆ. ಆದರೆ ಖಾಲಿ ಕಾರು ಆ ಶಕ್ತಿಯನ್ನು ಓವರ್‌ಟೇಕ್ ಮಾಡುವ ಹತ್ತು ಸೆಕೆಂಡ್ ಬಳಸುತ್ತದೆ. ನಿಮ್ಮ ಗಾಡಿ ಇಪ್ಪತ್ತು ನಿಮಿಷ ಸತತವಾಗಿ ಬಳಸುತ್ತದೆ.

ಪೆಡಲ್ ಬಾಕ್ಸ್, ಟ್ಯೂನಿಂಗ್ ಬಾಕ್ಸ್, ರೀಮ್ಯಾಪ್ ಮೂರೂ ಬೇರೆ ಬೇರೆ. ಪೆಡಲ್ ಬಾಕ್ಸ್ ಆಕ್ಸಿಲರೇಟರಿನ ಸಿಗ್ನಲ್ ಮಾತ್ರ ಬದಲಿಸುತ್ತದೆ. ಅರ್ಧ ತುಳಿದರೆ ಮುಕ್ಕಾಲು ತುಳಿದಂತೆ ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಹೇಳುತ್ತದೆ, ಅಷ್ಟೇ. ಏರಿನಲ್ಲಿ ನೀವು ಹೇಗೂ ಪೂರ್ತಿ ತುಳಿದಿರುತ್ತೀರಿ, ಹಾಗಾಗಿ ಅಲ್ಲಿ ಅದರಿಂದ ಏನೂ ಸಿಗದು.

ಟ್ಯೂನಿಂಗ್ ಬಾಕ್ಸ್ ಸಾಮಾನ್ಯವಾಗಿ ಫ್ಯೂಯೆಲ್ ರೈಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆ) ಪ್ರೆಶರ್ ಸೆನ್ಸರಿಗೂ ಇಸಿಯುಗೂ ನಡುವೆ ಕೂರುತ್ತದೆ. ಇರುವ ಒತ್ತಡಕ್ಕಿಂತ ಕಡಿಮೆ ಇದೆಯೆಂದು ಇಸಿಯುಗೆ ತಪ್ಪು ಮಾಹಿತಿ ಕೊಡುತ್ತದೆ. ಇಸಿಯು ಒತ್ತಡ ಏರಿಸುತ್ತದೆ. ಇಂಜೆಕ್ಟರ್ ತೆರೆದಿರುವ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಕಳಚಿದರೆ ಗಾಡಿ ಮೊದಲಿನಂತಾಗುತ್ತದೆ ಎಂಬುದೊಂದೇ ಇದರ ಅನುಕೂಲ. ತೊಂದರೆ ಇರುವುದು ಇಸಿಯುಗೆ ನಿಜ ಗೊತ್ತಿರದೆ ಇರುವುದರಲ್ಲಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಗಿದ್ದರೆ ಎಂಜಿನ್ ಇಷ್ಟು ಟಾರ್ಕ್ ಕೊಡುತ್ತಿದೆ ಎಂದು ಇಸಿಯು ಹೇಳುವ ಅಂಕಿ ನಂಬಿಯೇ ಒಳಗಿನ ಆಯಿಲ್ ಒತ್ತಡ ನಿಗದಿಯಾಗುತ್ತದೆ. ಇಸಿಯು 320 ಎಂದು ಹೇಳಿ ನಿಜಕ್ಕೂ 380 ಬರುತ್ತಿದ್ದರೆ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರುತ್ತವೆ, ಸುಡುತ್ತವೆ. ಭಾರ ಎಳೆಯುವ ಗಾಡಿಗೆ, ಅದರಲ್ಲೂ ಆಟೊಮ್ಯಾಟಿಕ್‌ಗೆ, ಬಾಕ್ಸ್ ಬೇಡವೇ ಬೇಡ.

ರೀಮ್ಯಾಪ್‌ನಲ್ಲಿ ಇಸಿಯು ಒಳಗಿನ ಟೇಬಲ್‌ಗಳನ್ನೇ ತಿದ್ದುತ್ತಾರೆ. ಮಾಡುವವನು ಬಲ್ಲವನಾದರೆ ಇದೇ ಸರಿಯಾದ ದಾರಿ. ಬಲ್ಲವನೋ ಅಲ್ಲವೋ ಎಂದು ತಿಳಿಯಲು ಹೀಗೆ ಕೇಳಿ: ನನ್ನ ಗಾಡಿಯ ಮೂಲ ಫೈಲ್ ಓದಿ ನನಗೊಂದು ಪ್ರತಿ ಕೊಡುತ್ತೀರಾ? ಗೇರ್‌ವಾರು ಟಾರ್ಕ್ ಮಿತಿಯನ್ನು ಎಷ್ಟಕ್ಕೆ ಇಡುತ್ತೀರಿ? ಸ್ಮೋಕ್ ಲಿಮಿಟರ್ (ಹೊಗೆ ಹೆಚ್ಚದಂತೆ ಡೀಸೆಲ್ ತಡೆಯುವ ಮಿತಿ) ಮುಟ್ಟುತ್ತೀರಾ? ಕೂಲಂಟ್ ಮತ್ತು ಎಕ್ಸಾಸ್ಟ್ ಬಿಸಿಯಾದಾಗ ಡೀಸೆಲ್ ಕಡಿಮೆ ಮಾಡುವ ರಕ್ಷಣೆಯ ಟೇಬಲ್‌ಗಳು ಹಾಗೇ ಉಳಿಯುತ್ತವೆಯೇ? ಕೊನೆಯದಕ್ಕೆ ‘ಅದನ್ನೆಲ್ಲ ತೆಗೆದುಬಿಡುತ್ತೇವೆ, ಆಮೇಲೆ ನೋಡಿ ಮಜಾ’ ಎಂದರೆ ಎದ್ದು ಬನ್ನಿ. 1,500 ಆರ್‌ಪಿಎಂಗಿಂತ ಕೆಳಗೆ ಟಾರ್ಕ್ ಏರಿಸಬೇಡಿ ಎಂದು ನೀವೇ ಹೇಳಿ. ಅಲ್ಲಿ ಸಿಲಿಂಡರಿನೊಳಗಿನ ಒತ್ತಡ ಒಮ್ಮೆಗೇ ಏರಿ ಕನೆಕ್ಟಿಂಗ್ ರಾಡ್, ಬೇರಿಂಗ್, ಡ್ಯುಯಲ್ ಮಾಸ್ ಫ್ಲೈವ್ಹೀಲ್ (ಎಂಜಿನ್ನಿನ ಕಂಪನ ಹೀರುವ ಎರಡು ಭಾಗದ ಗಾಲಿ) ಎಲ್ಲಕ್ಕೂ ಪೆಟ್ಟು. ಆಟೊಮ್ಯಾಟಿಕ್ ಆಗಿದ್ದರೆ ಗೇರ್‌ಬಾಕ್ಸಿನ ಸಾಫ್ಟ್‌ವೇರನ್ನೂ ಜೊತೆಗೇ ಹೊಂದಿಸಬೇಕು. ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಎಂಜಿನ್ ಬಲ ದಾಟಿಸುವ ಭಾಗ) ಲಾಕ್ ಆಗದೆ ಏರು ಹತ್ತುವಾಗ ಹುಟ್ಟುವ ಬಿಸಿಯೇ ಆ ಗೇರ್‌ಬಾಕ್ಸಿನ ಮೊದಲ ಶತ್ರು.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಅಥವಾ ಇಜಿಆರ್ (ಎಕ್ಸಾಸ್ಟ್ ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಎಂಜಿನ್ನಿಗೆ ಬಿಡುವ ವ್ಯವಸ್ಥೆ) ತೆಗೆಸುವ ಮಾತು ಯಾರಾದರೂ ಎತ್ತಿದರೆ ಒಪ್ಪಬೇಡಿ. ಅನೇಕ ದೇಶಗಳಲ್ಲಿ ಅದು ಕಾನೂನುಬಾಹಿರ. ಟ್ಯೂನ್ ಮಾಡಿಸಿದ್ದನ್ನು ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ. ಮುಚ್ಚಿಟ್ಟರೆ ಅಪಘಾತವಾದ ದಿನ ತೊಂದರೆ. ವಾರಂಟಿ ಇನ್ನೂ ಉಳಿದಿದ್ದರೆ ಅದು ಮುಗಿಯುವವರೆಗೆ ಕಾಯುವುದೇ ಮೇಲು.

ಟ್ಯೂನ್ ಮಾಡುವ ಮೊದಲು ಎಂಜಿನ್ ಈಗ ತನ್ನ 130 ಎಚ್‌ಪಿಯನ್ನಾದರೂ ಪೂರ್ತಿ ಕೊಡುತ್ತಿದೆಯೇ ನೋಡಿ. ‘ಪಿಕಪ್ ಇಲ್ಲ’ ಎಂಬ ಗಾಡಿಗಳಲ್ಲಿ ಅನೇಕಕ್ಕೆ ಬೇಕಿರುವುದು ರಿಪೇರಿ. ವೇಬ್ರಿಡ್ಜಿನಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರನ್ನೂ ಬೇರೆ ಬೇರೆ ತೂಗಿಸಿ, ನೀರಿನ ಟ್ಯಾಂಕ್ ತುಂಬಿ, ಜನ ಕೂತು. ಪ್ಲೇಟಿನ ಮಿತಿ ಮೀರಿದ್ದರೆ ಮೊದಲ ಟ್ಯೂನಿಂಗ್ ಸಾಮಾನು ಇಳಿಸುವುದು. 100 ಲೀಟರ್ ನೀರು ಎಂದರೆ 100 ಕೆಜಿ.

ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಭಾಗ), ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸ್‌ಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿ. ಸಣ್ಣ ಸೀಳಿದ್ದರೂ ಲೋಡ್ ಬಿದ್ದಾಗ ಬಾಯಿ ತೆರೆಯುತ್ತದೆ. ಸೀಳಿನ ಸುತ್ತ ಎಣ್ಣೆ ಜಿಡ್ಡು ಕಟ್ಟಿರುತ್ತದೆ. ಹೊಗೆ ಬಿಟ್ಟು ಸೋರಿಕೆ ಹುಡುಕುವ ಯಂತ್ರ ಗ್ಯಾರೇಜಿನಲ್ಲಿದ್ದರೆ ಇನ್ನೂ ಒಳ್ಳೆಯದು. ಮಸಿ ಕಟ್ಟಿದ ಇಜಿಆರ್ ವಾಲ್ವ್, ಕೊಳೆಯಾದ ಏರ್‌ಫ್ಲೋ ಸೆನ್ಸರ್, ಕಟ್ಟಿದ ಡೀಸೆಲ್ ಫಿಲ್ಟರ್ ಮೂರೂ ಪಿಕಪ್ ತಿನ್ನುತ್ತವೆ. ಇಂಜೆಕ್ಟರ್‌ಗಳ ಲೀಕ್‌ಬ್ಯಾಕ್ ಪರೀಕ್ಷೆ ಮಾಡಿಸಿ. ಒಂದು ಇಂಜೆಕ್ಟರ್ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚು ಡೀಸೆಲ್ ವಾಪಸ್ ಬಿಡುತ್ತಿದ್ದರೆ ಟ್ಯೂನ್ ಮಾಡಿಸುವ ಮಾತು ಅಲ್ಲಿಗೇ ನಿಲ್ಲಿಸಿ, ಅದನ್ನು ಸರಿಪಡಿಸಿ. ಕ್ಲಚ್ ಪರೀಕ್ಷೆ ಸುಲಭ: ಟಾಪ್ ಗೇರಿನಲ್ಲಿ 1,700 ಆರ್‌ಪಿಎಂ ಹತ್ತಿರ ಏರಿನ ಮೇಲೆ ಪೂರ್ತಿ ತುಳಿಯಿರಿ. ವೇಗ ಏರದೆ ಆರ್‌ಪಿಎಂ ಮಾತ್ರ ಜಿಗಿದರೆ ಕ್ಲಚ್ ಈಗಲೇ ಸೋತಿದೆ, ಇನ್ನಷ್ಟು ಟಾರ್ಕ್ ಕೊಟ್ಟರೆ ಬೇಗ ಕೈಕೊಡುತ್ತದೆ. ಎಂಜಿನ್ ಆಫ್ ಮಾಡುವಾಗ ಗಡಗಡ ಸದ್ದು ಬಂದರೆ ಫ್ಲೈವ್ಹೀಲ್ ಕಡೆ ನೋಡಿ.

ಈ ತಪಾಸಣೆ ಮುಗಿದ ಮೇಲೆ ಒಬಿಡಿ ರೀಡರ್ (ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಸಾಧನ) ಹಾಕಿ, ನಿಮಗೆ ಪರಿಚಿತವಾದ ಒಂದು ಏರಿನಲ್ಲಿ ಟ್ರೇಲರ್ ಸಮೇತ ಓಡಿಸಿ ಅಂಕಿ ದಾಖಲಿಸಿಕೊಳ್ಳಿ. ಬೇಕಾದವು: ಇಸಿಯು ಕೇಳಿದ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಮತ್ತು ಸಿಕ್ಕ ಬೂಸ್ಟ್, ಕೇಳಿದ ರೈಲ್ ಒತ್ತಡ ಮತ್ತು ಸಿಕ್ಕ ಒತ್ತಡ, ಇಂಟರ್‌ಕೂಲರ್ ದಾಟಿದ ಗಾಳಿಯ ತಾಪ, ಕೂಲಂಟ್ ತಾಪ, ಡಿಪಿಎಫ್‌ನ ಮಸಿಯ ಪ್ರಮಾಣ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ದೊಡ್ಡ ಅಂತರವಿದ್ದರೆ ಮೊದಲು ಕಾರಣ ಹುಡುಕಿ. ಟ್ಯೂನ್ ಆದ ಮೇಲೆ ಅದೇ ಏರು, ಅದೇ ಲೋಡು, ಆದಷ್ಟು ಅದೇ ಹವಾಮಾನದಲ್ಲಿ ಮತ್ತೆ ದಾಖಲಿಸಿ. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಕೊಡುವ ಚೀಟಿ ನೋಡಲು ಚೆನ್ನಾಗಿರುತ್ತದೆ, ಆದರೆ ಅದು ಕೆಲವೇ ಸೆಕೆಂಡುಗಳ ಓಟ. ಇಪ್ಪತ್ತು ನಿಮಿಷದ ಬಿಸಿ ಅದರಲ್ಲಿ ಕಾಣುವುದಿಲ್ಲ.

ಬಿಸಿ ತಿಳಿಯಲು ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಅನೇಕ ಗಾಡಿಗಳಲ್ಲಿ ಕೂಲಂಟ್ 80ರಿಂದ 105 ಡಿಗ್ರಿವರೆಗೆ ಏನೇ ಇದ್ದರೂ ಮುಳ್ಳು ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ಎಕ್ಸಾಸ್ಟ್ ತಾಪಕ್ಕೆ ಕೆ ಮಾದರಿಯ ಥರ್ಮೋಕಪಲ್ ಅನ್ನು ಟರ್ಬೊಗೆ ಮುಂಚೆ ಮ್ಯಾನಿಫೋಲ್ಡಿನಲ್ಲಿ ಕೂರಿಸಬೇಕು. ಮ್ಯಾನಿಫೋಲ್ಡ್ ಬಿಚ್ಚಿಯೇ ತೂತು ಕೊರೆಯಿಸಿ, ಲೋಹದ ಚೂರು ಟರ್ಬೊ ಒಳಗೆ ಹೋದರೆ ಟರ್ಬೊ ಮುಗಿಯಿತು. ಟರ್ಬೊ ನಂತರ ಅಳೆದರೆ ಲೋಡಿನಲ್ಲಿ ಟರ್ಬೊಗೆ ಮುಂಚಿನ ತಾಪಕ್ಕಿಂತ ನೂರು ಡಿಗ್ರಿಗೂ ಮಿಕ್ಕಿ ಕಡಿಮೆ ತೋರಿಸಬಹುದು. ಸತತ ಏರಿನಲ್ಲಿ 700 ಡಿಗ್ರಿ ಸೆಲ್ಸಿಯಸ್ ಒಳಗೆ ಇಟ್ಟುಕೊಳ್ಳುವುದು ನಾನು ಹೇಳುವ ಗೆರೆ. ಎಂಜಿನ್ ಅದಕ್ಕಿಂತ ಹೆಚ್ಚನ್ನು ಸ್ವಲ್ಪ ಹೊತ್ತು ತಾಳೀತು, ಆದರೆ ಆ ಹೊಣೆ ಏಕೆ? ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ 80–95 ಡಿಗ್ರಿ ಇದ್ದರೆ ಆರೋಗ್ಯ. 110 ಮುಟ್ಟಿದರೆ ವೇಗ ಇಳಿಸಿ, 120 ದಾಟುವ ಮುನ್ನ ಪಕ್ಕಕ್ಕೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡಿ.

ದುಡ್ಡು ಸೀಮಿತವಾಗಿದ್ದರೆ ರೀಮ್ಯಾಪ್‌ಗಿಂತ ಮೊದಲು ತಂಪಿಗೆ ಹಾಕಿ. ರೇಡಿಯೇಟರ್, ಎಸಿ ಕಂಡೆನ್ಸರ್ ಮತ್ತು ಇಂಟರ್‌ಕೂಲರ್ ನಡುವೆ ಸೇರಿದ ಹುಳು, ಧೂಳು, ಹುಲ್ಲನ್ನು ಹಿಂದಿನಿಂದ ಮುಂದಕ್ಕೆ ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ಫಿನ್‌ಗಳು ಮಡಚಿಕೊಳ್ಳುತ್ತವೆ. ಫ್ಯಾನ್ ಎರಡೂ ವೇಗದಲ್ಲಿ ತಿರುಗುತ್ತದೆಯೇ ಪರೀಕ್ಷಿಸಿ. ಆಟೊಮ್ಯಾಟಿಕ್ ಆದರೆ ಪ್ಲೇಟ್ ಮಾದರಿಯ ಹೆಚ್ಚುವರಿ ಆಯಿಲ್ ಕೂಲರ್ ಅನ್ನು ರೇಡಿಯೇಟರಿನೊಳಗಿನ ಕೂಲರ್ ದಾಟಿದ ಮೇಲೆ ಜೋಡಿಸಿ. ಚಳಿ ದೇಶವಾದರೆ ಥರ್ಮೋಸ್ಟಾಟ್ ಇರುವುದನ್ನೇ ಆರಿಸಿ. ಟ್ರೇಲರ್ ಎಳೆಯುವವರು ಎಂಜಿನ್ ಆಯಿಲನ್ನು ಪುಸ್ತಕ ಹೇಳಿದ ಅಂತರದ ಅರ್ಧಕ್ಕೇ ಬದಲಿಸುವುದು ಒಳ್ಳೆಯದು.

ಮುಂದಿನ ಚಕ್ರದ ಡ್ರೈವ್ ಇರುವವರಿಗೆ ಇನ್ನೊಂದು ಕಟು ಸತ್ಯವಿದೆ. ಮೋಟರ್‌ಹೋಮ್‌ನ ಹಿಂಭಾಗ ಹಿಂದಿನ ಆಕ್ಸಲ್‌ನಿಂದ ಬಹಳ ಚಾಚಿಕೊಂಡಿರುತ್ತದೆ. ಆಕ್ಸಲ್‌ಗಳ ನಡುವೆ 4 ಮೀಟರ್, ಹಿಂದಿನ ಆಕ್ಸಲ್‌ನಿಂದ ಹಿಚ್‌ಗೆ 2.4 ಮೀಟರ್ ಎಂದುಕೊಳ್ಳಿ. ಟ್ರೇಲರಿನ ಮೂತಿ 100 ಕೆಜಿ ಒತ್ತಿದರೆ ಹಿಂದಿನ ಆಕ್ಸಲ್ ಮೇಲೆ 160 ಕೆಜಿ ಬೀಳುತ್ತದೆ, ಮುಂದಿನದರಿಂದ 60 ಕೆಜಿ ಎದ್ದುಹೋಗುತ್ತದೆ. ಒದ್ದೆ ಏರಿನಲ್ಲಿ ಗಾಡಿ ಹೊರಡದೆ ಚಕ್ರ ಸುಮ್ಮನೆ ತಿರುಗುವುದು ಇದರಿಂದ. ಅಲ್ಲಿ ಟಾರ್ಕ್ ಹೆಚ್ಚಾದಷ್ಟೂ ಜಾರುವುದು ಹೆಚ್ಚು. ಟ್ಯೂನರಿಗೆ ಹೇಳಿ ಮೊದಲ ಮತ್ತು ಎರಡನೇ ಗೇರಿನ ಟಾರ್ಕ್ ಮಿತಿಯನ್ನು ಕಂಪನಿ ಇಟ್ಟಷ್ಟರಲ್ಲೇ ಉಳಿಸಿಕೊಳ್ಳಿ, ಭಾರದ ಸಾಮಾನನ್ನು ಮುಂದಕ್ಕೆ ಸರಿಸಿ. ಟ್ರೇಲರಿನ ಮೂತಿಯ ಭಾರ ಕಡಿಮೆ ಮಾಡಿ ತಪ್ಪಿಸಿಕೊಳ್ಳಲು ಹೋಗಬೇಡಿ, ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ.

ರೀಮ್ಯಾಪ್ ಆದ ಮೇಲೆ ಏರಿನ ನಡುವೆ ಗಾಡಿ ಲಿಂಪ್ ಮೋಡ್‌ಗೆ (ಎಂಜಿನ್ ರಕ್ಷಣೆಗಾಗಿ ತಾನೇ ಶಕ್ತಿ ತಗ್ಗಿಸಿಕೊಳ್ಳುವ ಸ್ಥಿತಿಗೆ) ಹೋದರೆ ಕೋಡ್ ಓದಿ. ಪಿ0299 ಎಂದರೆ ಬೂಸ್ಟ್ ಸಾಲುತ್ತಿಲ್ಲ: ಹೋಸ್ ಬಿಚ್ಚಿದೆ, ಸೀಳಿದೆ ಅಥವಾ ಟರ್ಬೊ ವೇನ್ (ಟರ್ಬೊ ಒಳಗಿನ ಚಲಿಸುವ ರೆಕ್ಕೆ) ಅಂಟಿದೆ. ಪಿ0234 ಎಂದರೆ ಬೂಸ್ಟ್ ಮಿತಿ ಮೀರಿದೆ: ವೇನ್ ಮಸಿ ಹಿಡಿದು ಸಿಕ್ಕಿಕೊಂಡಿರಬಹುದು, ಮ್ಯಾಪ್ (ತಿದ್ದಿದ ಟೇಬಲ್‌ಗಳು) ಅತಿಯಾಗಿರಬಹುದು. ಡಿಪಿಎಫ್ ಮೊದಲಿಗಿಂತ ಬೇಗ ಬೇಗ ರೀಜನರೇಶನ್ (ಹಿಡಿದ ಮಸಿ ಸುಡುವುದು) ಮಾಡುತ್ತಿದ್ದರೆ ಹೊಗೆ ಹೆಚ್ಚಾಗಿದೆ ಎಂದೇ ಅರ್ಥ. ಮ್ಯಾಪ್ ಇಳಿಸಲು ಹೇಳಿ. ಎತ್ತರದ ಘಟ್ಟಗಳಲ್ಲಿ ಇನ್ನೂ ಎಚ್ಚರ ಬೇಕು. 2,000 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 82%. ಅದೇ ಬೂಸ್ಟ್ ಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಎತ್ತರಕ್ಕೆ ತಕ್ಕಂತೆ ಬೂಸ್ಟ್ ಇಳಿಸುವ ಟೇಬಲ್ ಕಿತ್ತುಹಾಕಿದ ಮ್ಯಾಪ್ ಟರ್ಬೊವನ್ನು ಅಲ್ಲೇ ಕೊಲ್ಲುತ್ತದೆ.

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಇರುವವರು ಇದನ್ನು ಓದುತ್ತಿದ್ದರೆ: ನಿಮಗೆ ರೀಮ್ಯಾಪ್‌ನಿಂದ ಸಿಗುವುದು ಅಲ್ಪ. ಆ ದುಡ್ಡನ್ನು ಫೈನಲ್ ಡ್ರೈವ್ ಗೇರ್ ಅನುಪಾತ ಬದಲಿಸಲು ಹಾಕಿದರೆ ಏರಿನಲ್ಲಿ ನಿಜವಾದ ವ್ಯತ್ಯಾಸ ಕಾಣುತ್ತದೆ.

ಕೊನೆಗೆ ಓಡಿಸುವ ರೀತಿ, ಇದಕ್ಕೆ ಖರ್ಚಿಲ್ಲ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ 2,500 ಆರ್‌ಪಿಎಂ ಸುತ್ತ ಹಿಡಿಯಿರಿ. ಟಾಪ್ ಗೇರಿನಲ್ಲಿ 1,500ಕ್ಕೆ ಎಳೆಸಿದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ, ವಾಟರ್ ಪಂಪ್ ನಿಧಾನ. ಎಕ್ಸಾಸ್ಟ್ ತಾಪ ಏರುವುದು ಹೀಗೆ. ಗೇರ್ ಇಳಿಸಿ ಪೆಡಲ್ ಸ್ವಲ್ಪ ಬಿಟ್ಟರೆ ಗೇಜಿನಲ್ಲಿ ಅದು ಇಳಿಯುವುದು ಕೂಡಲೇ ಕಾಣುತ್ತದೆ. ಮೇಲೆ ತಲುಪಿ ನಿಲ್ಲಿಸುವಾಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ, ಇಲ್ಲದಿದ್ದರೆ ಟರ್ಬೊ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಗಟ್ಟಿಯಾಗುತ್ತದೆ. ನಿಮ್ಮ ಗಾಡಿಯ ಆಕ್ಸಲ್ ತೂಕ ಮತ್ತು ಏರಿನಲ್ಲಿ ದಾಖಲಿಸಿದ ಅಂಕಿಗಳನ್ನು ಇಲ್ಲಿ ಹಾಕಿದರೆ ಎಷ್ಟು ಟಾರ್ಕ್‌ವರೆಗೆ ಹೋಗಬಹುದು ಎಂದು ಇನ್ನೂ ಖಚಿತವಾಗಿ ಹೇಳಬಹುದು.